ಗಂಟೆಗೆ ಮೂವತ್ತೊಂದು ಸಲ

ಜಂಬಯ್ಯ ನಿದ್ದೆಯಲ್ಲಿ ಉಸಿರಾಡಿದ ಸದ್ದನ್ನು ಕೇಳಿ ಅವನನ್ನು ಕೆಲಸದಿಂದ ತೆಗೆದರು.

ಅವನು ಆಂಧ್ರದ ಗಡಿಯ ಆದೋನಿಯ ಒಂದು ಹತ್ತಿ ಮಿಲ್ಲಿನ ತುಫಾನ್ ಗಾಡಿ ಓಡಿಸುತ್ತಿದ್ದ. ಊರು ಪೆದ್ದಹರಿವಾಣಂ. ಬೆಳಿಗ್ಗೆ ಐದೂವರೆಗೆ ಊರಿನ ಹದಿನಾಲ್ಕು ಹೆಂಗಸರನ್ನು ಹತ್ತಿಸಿಕೊಂಡು ಆರೂವರೆಯೊಳಗೆ ಮಿಲ್ಲಿನ ಗೇಟಿಗೆ ಮುಟ್ಟಿಸುವುದು, ಸಂಜೆ ಅವರನ್ನೇ ತಿರುಗಿ ಊರಿಗೆ ಬಿಡುವುದು ಅವನ ಕೆಲಸ. ಒಂಬತ್ತು ವರ್ಷದಲ್ಲಿ ಅವನ ಗಾಡಿ ಒಂದು ಕುರಿಮರಿಗೂ ತಗುಲಿರಲಿಲ್ಲ. ಆ ಹದಿನಾಲ್ಕು ಹೆಂಗಸರಲ್ಲಿ ಅವನ ಹೆಂಡತಿ ದಸ್ತಗಿರಮ್ಮನೂ ಒಬ್ಬಳು. ಅದೇ ಮಿಲ್ಲಿನಲ್ಲಿ, ಕಾಳು ಬಿಡಿಸುವ ಯಂತ್ರಕ್ಕೆ ಹತ್ತಿ ಉಣಿಸುವ ಸಾಲಿನಲ್ಲಿ, ಅವಳು ಆರು ಸುಗ್ಗಿಯಿಂದ ನಿಲ್ಲುತ್ತಿದ್ದಳು.

ಆ ವರ್ಷ ಮಿಲ್ಲಿಗೆ ಕಿವಿ ಬಂತು. ಬಾಯಿ ಮೊದಲೇ ಇತ್ತು. ಬೇರೆಲ್ಲೋ ಒಂದು ಮಿಲ್ಲಿನ ಲಾರಿ, ಚಾಲಕ ನಿದ್ದೆಗೆ ಜಾರಿ, ಸೇತುವೆ ಗೋಡೆಗೆ ಬಡಿದಿತ್ತು. ಗಾಡಿಗಳಿಗೆ ವಿಮೆ ಮಾಡುವ ಕಂಪನಿ ಎಲ್ಲ ಮಿಲ್ಲುಗಳಿಗೂ ಕಾಗದ ಬರೆಯಿತು: ಚಾಲಕರ ನಿದ್ದೆಯನ್ನು ಪರೀಕ್ಷಿಸಬೇಕು. ಅದಕ್ಕೊಂದು ಆ್ಯಪ್ ಬಂತು. ಮಲಗುವಾಗ ಫೋನನ್ನು ತಲೆಯ ಹತ್ತಿರ ಇಟ್ಟರೆ ಅದು ಬೆಳಗಿನವರೆಗೆ ಉಸಿರು ಕೇಳಿಸಿಕೊಳ್ಳುತ್ತದೆ. ಗೊರಕೆ ಎಲ್ಲಿ ಏರಿತು, ಎಲ್ಲಿ ಥಟ್ಟನೆ ನಿಂತಿತು, ಎಷ್ಟು ಹೊತ್ತು ಸದ್ದಿರಲಿಲ್ಲ, ಎಲ್ಲಿ ಮತ್ತೆ ಗಕ್ಕನೆ ಗಾಳಿ ಎಳೆದುಕೊಂಡಿತು, ಎಲ್ಲವೂ ಅದಕ್ಕೆ ಲೆಕ್ಕ. ಹತ್ತು ಸೆಕೆಂಡು ಮೀರಿದ ಮೌನಗಳನ್ನು ಎಣಿಸಿ ಬೆಳಿಗ್ಗೆ ಒಂದು ಅಂಕಿ ಕೊಡುತ್ತದೆ. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ಕಟ್ಟುವ ಕಾಯಿಲೆ ಇದ್ದವರು ರಾತ್ರಿಯೆಲ್ಲ ಮಲಗಿದರೂ ನಿದ್ದೆ ಮಾಡಿದಂತಾಗುವುದಿಲ್ಲ. ಹಗಲು ಸ್ಟಿಯರಿಂಗಿನ ಮೇಲೆ ಕಣ್ಣು ಮುಚ್ಚುತ್ತಾರೆ. ಇದು ಸುಳ್ಳಲ್ಲ. ಗಂಟೆಗೆ ಹದಿನೈದು ಸಲ ದಾಟಿದರೆ ಆ್ಯಪಿನಲ್ಲಿ ಹೆಸರು ಕೆಂಪಾಗುತ್ತಿತ್ತು. ಜಂಬಯ್ಯನ ಹೆಸರಿನ ಮುಂದೆ ಮೂವತ್ತೊಂದು ಅಂತ ಬಂತು.

ಮಿಲ್ಲಿನಲ್ಲಿ ಆಳುಗಳ ವ್ಯವಹಾರ ನೋಡುವ ಆಫೀಸರು ಸಿದ್ದಲಿಂಗೇಶ್. ಅವನು ಜಂಬಯ್ಯನನ್ನು ಕರೆದು ಅಂಕಿ ತೋರಿಸಿ, ಗಾಡಿಯ ಕೀಲಿ ಇಸಿದುಕೊಂಡ. ನನಗೆ ಹಗಲು ಯಾವತ್ತೂ ಕಣ್ಣು ಎಳೆದಿಲ್ಲ, ಗಾಡಿಯಲ್ಲಿ ಬರುವ ಹೆಂಗಸರನ್ನೇ ಕೇಳಿ ಅಂತ ಜಂಬಯ್ಯ ಅಂದ. ಹೆಂಗಸರನ್ನು ಯಾರೂ ಕೇಳಲಿಲ್ಲ. ಹಾಗಾದರೆ ಆ ಸದ್ದನ್ನಾದರೂ ಕೇಳಿಸಿ ಅಂದ. ಅದು ಕಂಪನಿಯ ಗುಟ್ಟಿನ ದಾಖಲೆ, ಕೇಳಿಸುವಂತಿಲ್ಲ ಅಂದರು. ನಾಲ್ಕೇ ದಿನದಲ್ಲಿ ಆ ಗುಟ್ಟು ಚಾಲಕರ ವಾಟ್ಸಾಪ್ ಗುಂಪಿಗೆ ಬಂದಿತ್ತು. ಆಫೀಸಿನಿಂದ ಯಾರು ಬಿಟ್ಟರೋ. ಇಪ್ಪತ್ತು ಸೆಕೆಂಡಿನ ತುಣುಕು: ಗರಗರ ಏರುವ ಗೊರಕೆ, ಒಂದು ನಿಲುಗಡೆ, ಆಮೇಲೆ ಮುಳುಗಿದವರು ಮೇಲೆ ಬಂದಂತೆ ಒಂದು ಎಳೆತ. ಅದಕ್ಕೆ ಚಾಲಕರು 'ಜಂಬಯ್ಯನ ಕಟ್ಟಿಗೆ ಮಿಲ್ಲು' ಅಂತ ಹೆಸರಿಟ್ಟರು. ಅವನ ಜಾಗಕ್ಕೆ ಬಂದ ದುರುಗಣ್ಣ ಅದನ್ನು ತನ್ನ ಫೋನಿನ ರಿಂಗ್ ಮಾಡಿಕೊಂಡ. ದುರುಗಣ್ಣ ಕೆಟ್ಟವನಲ್ಲ. ನಗಲಿಕ್ಕೆ ಏನಾದರೊಂದು ಬೇಕಾದವನು, ಅಷ್ಟೆ.

ಜಂಬಯ್ಯ ಮಾರ್ಕೆಟ್ ಯಾರ್ಡಿನಲ್ಲಿ ಕಡಲೆಕಾಯಿ ಮೂಟೆ ಹೊರಲು ಹೋದ. ನಲವತ್ತಮೂರರ ವಯಸ್ಸಿಗೆ ಅದು ಹೊಸ ಕೆಲಸ. ಐದನೆಯ ವಾರ ಸೊಂಟ ಹಿಡಿದುಕೊಂಡು ಮನೆಯಲ್ಲಿದ್ದ.

ಆ ಸಂಜೆ ದುರುಗಣ್ಣ ಹೆಂಗಸರನ್ನು ಇಳಿಸಲು ಗಾಡಿಯನ್ನು ಜಂಬಯ್ಯನ ಮನೆಯ ಮುಂದೆ ನಿಲ್ಲಿಸಿದ. ಜಂಬಯ್ಯನ ತಾಯಿ ಗಂಗಕ್ಕ ದೊಡ್ಡಿಯ ಬಾಯಲ್ಲಿ ನಿಂತು, ಮೇದು ಬಂದ ಕುರಿಗಳನ್ನು ಒಂದೊಂದಾಗಿ ಒಳಗೆ ಬಿಡುತ್ತಿದ್ದಳು. ಮೂವತ್ತು ಕುರಿಯ ಸಣ್ಣ ಮಂದೆ. ದುರುಗಣ್ಣನ ಫೋನು ಬಡಿದುಕೊಂಡಿತು. ಗರಗರ, ನಿಲುಗಡೆ, ಎಳೆತ. ಗಾಡಿಯೊಳಗಿನ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಗಂಗಕ್ಕ ಕೈಯಲ್ಲಿದ್ದ ಮರಿಯನ್ನು ಕೆಳಗಿಟ್ಟು, ಇನ್ನೊಮ್ಮೆ ಬಡಿಯಲಿ ತಡಿ, ಎತ್ತಬೇಡ ಅಂದಳು. ಇನ್ನೊಮ್ಮೆ ಕೇಳಿದಳು.

"ಇದು ಯಾರ್ದು?"

"ನಿನ್ನ ಮಗಂದಬೇ ಯಕ್ಕಾ. ಊರಿಗೆಲ್ಲ ಗೊತ್ತೈತಿ, ನಿನಗೊಬ್ಬಾಕಿಗೆ ಗೊತ್ತಿಲ್ಲ."

"ನನ್ನ ಮಗಂದಲ್ಲ ಇದು. ಅವ ಗೊರಕಿ ಹೊಡಿತಾನ, ಎತ್ತಿನಂಗ ಒಂದೇ ಸಮ ಹೊಡಿತಾನ, ನಿಲ್ಸಂಗಿಲ್ಲ. ಇದು ನಮ್ಮ ದಸ್ತಗಿರಿದು."

ಗಾಡಿಯಲ್ಲಿ ನಗು ನಿಂತಿತು, ಆಮೇಲೆ ಇನ್ನೊಂದು ಥರ ಶುರುವಾಯಿತು. ದಸ್ತಗಿರಮ್ಮ ಒಂದು ಕಾಲು ಕೆಳಗಿಟ್ಟವಳು ಹಾಗೇ ನಿಂತಿದ್ದಳು. ಅದು ತನ್ನದಲ್ಲ ಅಂದಳು. ಬುತ್ತಿ ಡಬ್ಬಿಯನ್ನು ಗಾಡಿಯಲ್ಲೇ ಬಿಟ್ಟು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಗಂಡಸು ಗೊರಕೆ ಹೊಡೆದರೆ ಊರು ನಗುತ್ತದೆ, ಮರೆಯುತ್ತದೆ. ಹೆಂಗಸು ಹೊಡೆದರೆ ಅವಳಿಗೆ ಅದು ಬೈಗುಳ. ದಸ್ತಗಿರಮ್ಮ ಮದುವೆಯಾಗಿ ಬಂದ ಎರಡನೆಯ ವರ್ಷವೇ ನಾದಿನಿಯರು ಅವಳನ್ನು ಆಡಿಕೊಂಡಿದ್ದರು. ಅಂದಿನಿಂದ ಅವಳು ಸಾಲಿನಲ್ಲಿ ಮಲಗುವುದನ್ನು ಬಿಟ್ಟು, ಹಾಸಿಗೆಯನ್ನು ಹೊಸ್ತಿಲ ಹತ್ತಿರ ಎಳೆದುಕೊಂಡಿದ್ದಳು. ಅಲ್ಲಿ ಮಲಗಿದರೆ ಸದ್ದು ಹೊರಗೆ ಹೋಗುತ್ತದೆ, ಒಳಗಿನವರಿಗೆ ಕೇಳಿಸುವುದಿಲ್ಲ ಅಂತ ಅವಳ ಲೆಕ್ಕ. ಜಂಬಯ್ಯನೂ ಮಗಳು ಸುಷ್ಮಿತಾಳೂ ಒಳಗೋಡೆಯ ಕಡೆ, ಮಲಗಿದರೆ ಕಲ್ಲು. ಗಂಗಕ್ಕ ಮಾತ್ರ ಹೊರಗಿನ ಕಟ್ಟೆಯ ಮೇಲೆ, ದೊಡ್ಡಿಗೆ ಕಿವಿಕೊಟ್ಟು ಮಲಗುವವಳು. ಯಾವ ಕುರಿಗೆ ಕಫ ಕಟ್ಟಿದೆ, ಯಾವುದು ಹೊಟ್ಟೆ ಉಬ್ಬಿ ಏದುತ್ತಿದೆ ಅನ್ನುವುದನ್ನು ದೀಪ ಹಚ್ಚದೆ ಹೇಳುವಳು. ಅಂಥವಳಿಗೆ ಎರಡು ಮಾರು ದೂರದಲ್ಲಿ ಹದಿನೇಳು ವರ್ಷ ಉಸಿರಾಡಿದ ಸೊಸೆಯ ಗುರುತು ಸಿಗದೆ ಇರುತ್ತದೆಯೆ?

ಗಂಗಕ್ಕ ಮಗನಿಂದ ಮೌನಿಕಾಗೆ ಫೋನು ಮಾಡಿಸಿದಳು.

ಮೌನಿಕಾ ಗೋನೆಗಂಡ್ಲದವಳು. ನರ್ಸಿಂಗ್ ಓದಿ, ಚಾಲಕರ ಮನೆಮನೆಗೆ ಹೋಗಿ ಆ್ಯಪ್ ಹಾಕಿಕೊಡುವ ಗುತ್ತಿಗೆ ಕೆಲಸ ಹಿಡಿದಿದ್ದಳು. ಮಾರನೆಯ ದಿನ ಮಧ್ಯಾಹ್ನ ಪೆದ್ದಕಡುಬೂರಿನ ಕೆಲಸ ಮುಗಿಸಿ ಸ್ಕೂಟಿಯಲ್ಲಿ ಬಂದಳು. ಅವತ್ತು ಮಿಲ್ಲಿನಲ್ಲಿ ಬೆಲ್ಟು ಹರಿದು ರಿಪೇರಿ ನಡೆದಿದ್ದರಿಂದ ದಸ್ತಗಿರಮ್ಮ ಮನೆಯಲ್ಲೇ ಇದ್ದಳು, ಜೋಳ ಕೇರುತ್ತಿದ್ದಳು, ತಲೆ ಎತ್ತಲಿಲ್ಲ. ಆ ರಾತ್ರಿ ಫೋನನ್ನು ಎಲ್ಲಿಟ್ಟಿದ್ದಿರಿ ಅಂತ ಮೌನಿಕಾ ಕೇಳಿದಳು. ಜಂಬಯ್ಯ ಹೊಸ್ತಿಲ ಕಡೆ ಕೈ ತೋರಿಸಿದ. ಬೆಳಗಿನವರೆಗೆ ಚಾರ್ಜಿಗೆ ಹಾಕಿಡಬೇಕು ಅಂತ ಅವಳೇ ಹೇಳಿದ್ದಳು. ಆ ಮನೆಯಲ್ಲಿ ಇದ್ದದ್ದು ಒಂದೇ ಪ್ಲಗ್ಗು, ಬಾಗಿಲ ಚೌಕಟ್ಟಿನ ಪಕ್ಕದಲ್ಲಿ. ವೈರು ಒಂದು ಮೊಳ.

ಮೌನಿಕಾ ತನ್ನ ಫೋನಿನಲ್ಲಿ ಫಾರಮ್ಮು ತೆಗೆದು ನೋಡಿದಳು. ಅದರ ಏಳನೆಯ ಪ್ರಶ್ನೆ ತೆಲುಗಿನಲ್ಲಿತ್ತು: ಚಾಲಕ ಕೋಣೆಯಲ್ಲಿ ಒಂಟಿಯಾಗಿ ಮಲಗುತ್ತಾನೆಯೆ? 'ಇಲ್ಲ' ಅಂತ ಒತ್ತಿದರೆ ಆ್ಯಪ್ ಮುಂದೆ ಹೋಗುವುದಿಲ್ಲ. ಆ ಸುಗ್ಗಿಯಲ್ಲಿ ನಲವತ್ತೆರಡು ಮನೆಯಲ್ಲಿ ಅವಳು ಆ್ಯಪ್ ಹಾಕಿದ್ದಳು, ನಲವತ್ತೆರಡರಲ್ಲೂ 'ಹೌದು' ಅಂತ ಒತ್ತಿದ್ದಳು. ಕೋಣೆಯಲ್ಲಿ ಒಂಟಿಯಾಗಿ ಮಲಗುವ ಒಬ್ಬ ಚಾಲಕನನ್ನೂ ಅವಳು ಈ ಸೀಮೆಯಲ್ಲಿ ಕಂಡಿರಲಿಲ್ಲ. ಎಷ್ಟೋ ಮನೆಗೆ ಕೋಣೆ ಅನ್ನುವುದೇ ಇರಲಿಲ್ಲ. ಪ್ರಶ್ನೆ ಬರೆದವನಿಗೆ ಅದು ಹೊಳೆದಿರಲಿಲ್ಲ. ಒತ್ತುವವಳಿಗೆ ಹೊಳೆದಿತ್ತು, ದಿನಕ್ಕೆ ಆರು ಮನೆ ಮುಗಿಸಬೇಕಾಗಿತ್ತು.

"ತಪ್ಪು ನಂದೈತ್ರಿ," ಅಂದಳು ಮೌನಿಕಾ.

"ನಿಂದೂ ಐತಿ," ಅಂದಳು ಗಂಗಕ್ಕ. "ಕುಂದ್ರು. ಮಜ್ಜಿಗಿ ಕುಡಿ. ಆಮ್ಯಾಲೆ ಸರಿ ಮಾಡು."

ಮೌನಿಕಾ ಎರಡು ಫೋನು, ಉದ್ದದ ವೈರು ತಂದುಕೊಟ್ಟಳು. ಎರಡು ರಾತ್ರಿ ಒಂದನ್ನು ಗಂಡನ ದಿಂಬಿನ ಬಳಿ, ಒಂದನ್ನು ಹೆಂಡತಿಯ ದಿಂಬಿನ ಬಳಿ ಇಟ್ಟರು. ದಸ್ತಗಿರಮ್ಮ ಮೊದಲು ಒಪ್ಪಲಿಲ್ಲ. ನನ್ನದೇ ಅಂತಾದರೆ ಆ ರಿಂಗು ಇನ್ನು ನನ್ನ ಹೆಸರಿಗೆ ಬೀಳುತ್ತದೆ ಅಂದಳು. ಈಗಲೂ ಅದು ನಿನ್ನ ಉಸಿರೇ, ಗಂಡನ ಹೆಸರು ಹೊತ್ತು ತಿರುಗುತ್ತಿದೆ ಅಷ್ಟೇ ಅಂತ ಗಂಗಕ್ಕ ಅಂದಳು. ದಸ್ತಗಿರಮ್ಮ ಫೋನನ್ನು ತಾನೇ ದಿಂಬಿನ ಬಳಿ ಎಳೆದುಕೊಂಡಳು. ಜಂಬಯ್ಯನಿಗೆ ನಾಲ್ಕು ಬಂತು, ದಸ್ತಗಿರಮ್ಮನಿಗೆ ಮೂವತ್ತಮೂರು.

ಅಂಕಿ ನೋಡಿ ದಸ್ತಗಿರಮ್ಮನಿಗೆ ನೆನಪಾದದ್ದು ಮಿಲ್ಲು. ಸಾಲಿನಲ್ಲಿ ನಿಂತಲ್ಲೇ ಅವಳ ತಲೆ ಜೋಲುತ್ತಿತ್ತು. ಮೇಸ್ತ್ರಿ ಅವಳನ್ನು 'ತೂಕಡಿಕಿ' ಅಂತಲೇ ಕರೆಯುತ್ತಿದ್ದ. ಹೆಸರು ಹಿಡಿದು ಕರೆದದ್ದು ಅವಳಿಗೆ ನೆನಪಿಲ್ಲ. ಮೂರು ಸಲ ಮಧ್ಯಾಹ್ನಕ್ಕೇ ಮನೆಗೆ ಕಳಿಸಿದ್ದ. ಬೆಳಿಗ್ಗೆ ಎದ್ದರೆ ತಲೆನೋವು, ಗಂಟಲು ಒಣಗಿ ಬಿರುಕು. ರಾತ್ರಿಯೆಲ್ಲ ಮಲಗಿ ಹಗಲು ತೂಗುವವಳನ್ನು ಸೋಮಾರಿ ಅಂತ ಎಲ್ಲರೂ ಅಂದರು. ಹತ್ತು ವರ್ಷ ಕೇಳಿ ಕೇಳಿ ಅವಳೂ ಹಾಗೇ ನಂಬಿದ್ದಳು.

ಮೌನಿಕಾ ಅವಳನ್ನು ಆದೋನಿಯ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ದಪ್ಪ ಇದ್ದವರಿಗೆ ಮಾತ್ರ ಇದು ಬರುತ್ತದೆ ಅನ್ನುವುದು ತಪ್ಪು, ಗದ್ದ ಸಣ್ಣದಿದ್ದವರಿಗೂ ಬರುತ್ತದೆ, ಹತ್ತಿಯ ಧೂಳಿಗೆ ಮೂಗು ಕಟ್ಟಿ ಇನ್ನೂ ಹೆಚ್ಚಾಗಿದೆ ಅಂತ ಡಾಕ್ಟರಮ್ಮ ಹೇಳಿದರು. ಫೋನು ಹೇಳುವುದು ಅನುಮಾನ ಮಾತ್ರ. ಕರ್ನೂಲಿನಲ್ಲಿ ಒಂದು ರಾತ್ರಿ ಮೈಗೆ ವೈರು ಹಚ್ಚಿ ಮಲಗಿಸಿ ನೋಡಬೇಕು. ಅದೇ ಅಂತಾದರೆ ಮೂಗಿಗೆ ಗಾಳಿ ಊದುವ ಯಂತ್ರ ಕೊಡುತ್ತಾರೆ. ಅದನ್ನು ಹಾಕಿಕೊಂಡು ಮಲಗಿದರೆ ಹಗಲಿನ ತೂಕಡಿಕೆ ತಾನಾಗಿ ಹೋಗುತ್ತದೆ. ಬಿಟ್ಟರೆ ಬಿ.ಪಿ. ಏರುತ್ತದೆ, ಹೃದಯಕ್ಕೆ ಹೊಡೆತ. ಕಾರ್ಮಿಕರ ಇಎಸ್‌ಐ ಕಾರ್ಡು ಇದೆಯೆ ಅಂತ ಕೇಳಿದರು. ಇದೆ ಅಂದಳು.

"ಹಾಗಾದ್ರೆ ಕೆಲಸ ಬಿಡಬ್ಯಾಡಮ್ಮ," ಅಂದರು ಡಾಕ್ಟರಮ್ಮ. "ಕೆಲಸ ಹೋದ್ರೆ ಇವತ್ತಲ್ಲ ನಾಳೆ ಕಾರ್ಡೂ ಹೋಗತ್ತೆ. ಆ ಮಿಷನ್ನು ಕೈಯಿಂದ ಕೊಂಡ್ಕೊಳ್ಳೋವಂಥದ್ದಲ್ಲ."

ಕರ್ನೂಲಿನ ಪರೀಕ್ಷೆಗೆ ಹನ್ನೊಂದು ದಿನದ ಮೇಲಿನ ತಾರೀಖು ಸಿಕ್ಕಿತು.

ಅಷ್ಟರಲ್ಲಿ ಮೌನಿಕಾ ಮಿಲ್ಲಿಗೆ ಬರೆದು ಕಳಿಸಿದ್ದಳು: ದಾಖಲಾದ ಉಸಿರು ಚಾಲಕನದಲ್ಲ. ಯಾರದು ಅಂತ ಅವಳು ಬರೆದಿರಲಿಲ್ಲ. ಸಿದ್ದಲಿಂಗೇಶ್ ಫೋನಿನಲ್ಲಿ ಕೇಳಿದ, ಅವಳು ಹೇಳಿಬಿಟ್ಟಳು. ಅವನಿಗೆ ಕೋಪ ಬರಲಿಲ್ಲ. ಸಮಸ್ಯೆ ತಾನಾಗಿಯೇ ಬಗೆಹರಿಯಿತು ಅನ್ನುವವನ ಹಾಗೆ, ನಾಳೆ ಗಂಡ ಹೆಂಡತಿ ಇಬ್ಬರನ್ನೂ ಹತ್ತು ಗಂಟೆಗೆ ಕರೆದುಕೊಂಡು ಬಾ ಅಂದ.

ಆಫೀಸು ತಂಪಾಗಿತ್ತು. ಗಾಜಿನಾಚೆ ಅಂಗಳದಲ್ಲಿ ಹತ್ತಿಯ ಗುಡ್ಡೆ, ಗುಡ್ಡೆಯ ಮೇಲೆ ನೀರು ಚಿಮುಕಿಸುವವರು. ಮೇಜಿನ ಮೇಲೆ ತೆಲುಗಿನಲ್ಲಿ ಟೈಪಾದ ಒಂದು ಹಾಳೆ. ಫ್ಯಾನಿಗೆ ಹಾರದಂತೆ ಅದರ ಮೇಲೆ ತುಫಾನ್ ಗಾಡಿಯ ಕೀಲಿ ಇಟ್ಟಿದ್ದರು. ಜಂಬಯ್ಯನ ಕಣ್ಣು ಒಳಗೆ ಬಂದಾಗಿನಿಂದ ಕೀಲಿಯ ಮೇಲೇ ಇತ್ತು.

ಸಿದ್ದಲಿಂಗೇಶ್ ತೆಲುಗಿನಲ್ಲಿ ಶುರು ಮಾಡಿ ಕನ್ನಡಕ್ಕೆ ಬಂದ. ಜಂಬಯ್ಯನಿಗೆ ಅನ್ಯಾಯವಾಗಿದೆ, ಕಂಪನಿ ಅದನ್ನು ಒಪ್ಪುತ್ತದೆ, ನಾಳೆ ಬೆಳಿಗ್ಗೆಯಿಂದಲೇ ಗಾಡಿ ಅವನದು. ಆದರೆ ಯಂತ್ರದ ಸಾಲಿನಲ್ಲಿ ನಿಲ್ಲುವವಳಿಗೆ ಈ ಕಾಯಿಲೆ ಅಂತ ಈಗ ಗೊತ್ತಾಗಿದೆ. ಅವಳು ತೂಕಡಿಸಿ ಕೈ ರೋಲರಿಗೆ ಸಿಕ್ಕರೆ ಹೊಣೆ ಯಾರು? ಗೊತ್ತಿದ್ದೂ ನಿಲ್ಲಿಸಿದರು ಅಂತ ನಾಳೆ ಪೇಪರಿನವರು ಬರೆಯುತ್ತಾರೆ. ಆದ್ದರಿಂದ ಅವಳು ಈ ಹಾಳೆಗೆ ಒಂದು ಸಹಿ ಹಾಕಬೇಕು. ಒಂದು ಕೈಯಲ್ಲಿ ಸಹಿ, ಒಂದು ಕೈಯಲ್ಲಿ ಕೀಲಿ.

ಅವನ ಮಾತಿನಲ್ಲಿ ಒಂದು ನಿಜ ಇತ್ತು, ಅದನ್ನು ದಸ್ತಗಿರಮ್ಮ ಒಪ್ಪಿದಳು. ಯಂತ್ರದ ಮುಂದೆ ನಿಲ್ಲಲು ಈಗ ನನಗೂ ಭಯ, ಚಿಕಿತ್ಸೆ ಆಗುವತನಕ ಅಂಗಳದಲ್ಲಿ ಹತ್ತಿಯ ಕಸ ಆರಿಸುವ ಕೆಲಸ ಕೊಡಿ ಅಂದಳು. ಅಂಗಳದಲ್ಲಿ ಜಾಗವಿಲ್ಲ ಅಂದ. ಮೊನ್ನೆ ತಾನೆ ಇಬ್ಬರನ್ನು ಹೊಸದಾಗಿ ಅಲ್ಲಿಗೆ ತಗೊಂಡಿದ್ದೀರಲ್ಲ ಅಂದಳು. ಅದು ಬೇರೆ ಕಂಟ್ರಾಕ್ಟು ಅಂದ. ಆರು ಸುಗ್ಗಿ ನಾನು ಯಂತ್ರದ ಮುಂದೆ ತೂಗುತ್ತಿದ್ದಾಗ ನನ್ನ ಕೈಯ ಚಿಂತೆ ಯಾರಿಗೂ ಇರಲಿಲ್ಲ, ಮೇಸ್ತ್ರಿ ಬೆನ್ನಿಗೆ ಗುದ್ದಿ ಎಬ್ಬಿಸುತ್ತಿದ್ದ ಅಂದಳು. ಸಿದ್ದಲಿಂಗೇಶ್ ಜೇಬಿಗೆ ಕೈ ಹಾಕಿದ. ಪೆನ್ನಿನ ಮುಚ್ಚಳ ತೆಗೆದು ಮುಂದಿಟ್ಟ.

"ಸಂತಕಂ ಪೆಟ್ಟಮ್ಮಾ. ಸಹಿ ಹಾಕು. ಇಲ್ಲಿ, ಕೆಳಗೆ."

ಸಾಕ್ಷಿಯ ಜಾಗದಲ್ಲಿ ಮೌನಿಕಾಳ ಸಹಿ ಆಗಲೇ ಬಿದ್ದಿತ್ತು. ಬಾಗಿಲ ಹೊರಗೇ ಹಾಕಿಸಿಕೊಂಡಿದ್ದರು. ಅವಳದೂ ಗುತ್ತಿಗೆ ಕೆಲಸ. ಅವಳು ಗಾಜಿನಾಚೆ ನೋಡುತ್ತಿದ್ದಳು.

ಜಂಬಯ್ಯ ಹೆಂಡತಿಯ ಕಡೆ ತಿರುಗದೆ ಮಾತಾಡಿದ. ಹಾಕಿಬಿಡು ಅಂದ. ತಾನು ಮೂಟೆ ಹೊತ್ತು ಹಾಳಾದರೆ ಮನೆಯಲ್ಲಿ ಯಾರೂ ಉಳಿಯುವುದಿಲ್ಲ, ಒಬ್ಬರಾದರೂ ಸರಿ ಇರೋಣ, ನಿನ್ನ ಉಸಿರಿನ ಯಂತ್ರದ ಮಾತು ಆಮೇಲೆ ನೋಡೋಣ ಅಂದ. ಅವನ ದನಿಯಲ್ಲಿ ಬೈಗುಳ ಇರಲಿಲ್ಲ. ಬೇಡಿದ ಹಾಗೆ ಇತ್ತು. ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

ದಸ್ತಗಿರಮ್ಮ ಏಳನೆಯ ಇಯತ್ತೆಯವರೆಗೆ ತೆಲುಗು ಶಾಲೆಯಲ್ಲಿ ಓದಿದವಳು. ಕೀಲಿಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ, ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ನಿಧಾನವಾಗಿ ಓದಿದಳು. ಓದುವುದು ಬೇಕಿಲ್ಲ, ಎಲ್ಲರಿಗೂ ಕೊಡುವ ಹಾಳೆ ಅದು ಅಂತ ಸಿದ್ದಲಿಂಗೇಶ್ ಎರಡು ಸಲ ಹೇಳಿದ. ಅವಳು ಮೂರನೆಯ ಸಾಲಿಗೆ ಬಂದು ನಿಂತಳು. ಒಂದು ಪದದ ಕೆಳಗೆ ಉಗುರು ಇಟ್ಟಳು.

"ಸ್ವಚ್ಛಂದಂಗಾ. ಇದೇನ್ರಿ? ಸ್ವಚ್ಛ ಅಂದ್ರ ಕಸ ಗುಡಿಸೋದಲ್ರಿ? ನನ್ನ ಗುಡಿಸಿ ಹಾಕ್ತೀರೇನು?"

ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಗುಮಾಸ್ತ ಕೆಮ್ಮಿನಲ್ಲಿ ನಗು ಮುಚ್ಚಿಕೊಂಡ.

"ಅಲ್ಲಮ್ಮ. ಸ್ವಚ್ಛಂದಂಗಾ ಅಂದ್ರೆ ನಿನ್ನ ಇಷ್ಟದಿಂದ. ಯಾರೂ ಬಲವಂತ ಮಾಡದೆ ನೀನಾಗೇ ಕೆಲಸ ಬಿಡ್ತಾ ಇದ್ದಿ ಅಂತ."

"ನನಗ ಇಷ್ಟ ಇಲ್ಲಲ್ರಿ."

"ಇಷ್ಟ ಇಲ್ಲದಿದ್ರೂ ಹಾಕಬೇಕು."

"ಇಷ್ಟ ಇಲ್ಲದಿದ್ರೂ, ಇಷ್ಟದಿಂದ ಅಂತ ಹಾಕಬೇಕಾ?"

ಸಿದ್ದಲಿಂಗೇಶ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಇದು ಪದದ ಪ್ರಶ್ನೆಯಲ್ಲ, ಪದ್ಧತಿ ಅಂದ. ನಾವಾಗಿ ತೆಗೆದರೆ ಕಾಯಿಲೆ ಇದ್ದವಳನ್ನು ತೆಗೆದರು ಅಂತಾಗುತ್ತದೆ, ಕಾರಣ ಬರೆದುಕೊಡಬೇಕಾಗುತ್ತದೆ, ಲೇಬರ್ ಆಫೀಸಿಗೆ ಉತ್ತರ ಹೇಳಬೇಕಾಗುತ್ತದೆ, ನೀನಾಗಿ ಬಿಟ್ಟರೆ ಯಾರಿಗೂ ತೊಂದರೆಯಿಲ್ಲ ಅಂದ. ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚು ಆಡಿದೆ ಅಂತ ಅವನಿಗೆ ಆಮೇಲೆ ತಿಳಿಯಿತು. ಕೀಲಿಯನ್ನು ಎತ್ತಿ ತನ್ನ ಕಡೆಯ ಡ್ರಾಯರಿಗೆ ಹಾಕಿದ. ಡ್ರಾಯರು ಮುಚ್ಚಿದ ಸದ್ದಿಗೆ ಜಂಬಯ್ಯ ಒಮ್ಮೆ ಕಣ್ಣು ಮುಚ್ಚಿ ತೆರೆದ.

"ದಸ್ತಗಿರಿ," ಅಂದ.

ಅವಳು ಗಂಡನ ಮುಖ ನೋಡಿದಳು.

"ನಿನ್ನ ಗಾಡಿ ನಿನಗ ಬರ್ಬೇಕಾಗಿದ್ದು ಅವರ ತಪ್ಪಿಗೆ," ಅಂದಳು. "ನನ್ನ ಸಹಿಗಲ್ಲ. ನಿನ್ನ ಉಸುರು ನಾಕೇ ಸಲ ನಿಂತೈತಿ. ಅದನ್ನ ಇಟ್ಕಂಡು ಕೇಳು. ನನ್ನನ್ನ ಅದರಾಗ ತೂಗಬ್ಯಾಡ."

ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಆಚೆ ಬದಿಗೆ ಇಟ್ಟಳು.

"ನಾ ಹಾಕಂಗಿಲ್ರಿ."

"ಹಾಗಾದ್ರೆ ಈಗ ಮನೆಗೆ ನಡಿ," ಅಂದ ಸಿದ್ದಲಿಂಗೇಶ್. "ಯೋಚನೆ ಮಾಡಿ ಎರಡು ದಿನ ಬಿಟ್ಟು ಬಾ."

ಎರಡು ದಿನ ಬಾರದಿದ್ದರೆ ಮೂರನೆಯ ದಿನ ಏನು ಬರೆಯುತ್ತಾರೆ ಅನ್ನುವುದು ಮಿಲ್ಲಿನಲ್ಲಿ ಕೆಲಸ ಮಾಡಿದ ಯಾರಿಗಾದರೂ ಗೊತ್ತು. ತಾನಾಗಿ ಬಿಟ್ಟುಹೋದಳು.

"ಮನಿಗೂ ಹೋಗಂಗಿಲ್ಲ," ಅಂದಳು ದಸ್ತಗಿರಮ್ಮ. "ಆರೂವರಿಗೆ ಗೇಟಿನಾಗ ಹಾಜರಿ ಮಿಷನ್‌ಗೆ ಹೆಬ್ಬೆಟ್ಟು ಒತ್ತೀನಿ. ಸಂಜಿ ಆರಕ್ಕ ಇನ್ನೊಮ್ಮಿ ಒತ್ತೇ ಹೋಗ್ತೀನಿ. ಮಿಷನ್ ಮುಂದ ನಿಲ್ಸಂಗಿಲ್ಲಂದ್ರ ಅಂಗಳದಾಗ ಕುಂದ್ರುತೀನಿ. ಎಬ್ಬಿಸೋದಾದ್ರ ಎಬ್ಬಿಸಿದೋರು ಸಹಿ ಹಾಕ್ರಿ."